ಕರೆಯದೆ ಬಂದ ಹತ್ತು ಜೊತೆ ಕೈ

ನಮ್ಮ ಅತ್ತೆಯ ಪ್ರಕಾರ ಈ ಲೋಕದಲ್ಲಿ ಮನೆ ಬಾಗಿಲಿಗೆ ಬರುವ ಜನ ಎರಡೇ ಬಗೆ. ಕರೆದರೆ ಬರುವವರು ನೆಂಟರು, ಕರೆಯದೆ ಬರುವವರು ಗಿರಾಕಿಗಳು. ಭಿಕ್ಷುಕರೂ ಕರೆಯದೆಯೇ ಬರುತ್ತಾರಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅತ್ತೆಯ ಸೊಂಟದಲ್ಲಿದ್ದ ಬೀಗದ ಕೈ ಆಗ ನನಗೆ ಬೇಕಾಗಿತ್ತು. ಹೌದು ಅತ್ತೆ ಎಂದು ತಲೆಯಾಡಿಸಿದೆ.

ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬೀದಿಯ ಕಡೆ ಒಂದು ಸಣ್ಣ ಕೋಣೆಯಿದೆ. ಅದಕ್ಕೆ ಒಂದು ಬಾಗಿಲು ಬೀದಿಗೆ, ಇನ್ನೊಂದು ಒಳಗಿನ ನಡುಮನೆಗೆ. ಮೂವತ್ತು ವರ್ಷ ಮಾವನವರು ಅಲ್ಲಿ ಕೂತು ರವಿಕೆ ಹೊಲಿದರು. ನಡುಮನೆಯ ಬಾಗಿಲ ಹತ್ತಿರ ಕೂತು ಅತ್ತೆ ಅವಕ್ಕೆ ಕಾಜಾ ತೆಗೆದರು, ಹುಕ್ಕು ಹಚ್ಚಿದರು, ಅಂಚು ಮಡಿಚಿ ಕೈಹೊಲಿಗೆ ಹಾಕಿದರು. ಮಾವ ತೀರಿಕೊಂಡ ಮೇಲೆ ಮಿಷನ್ನು ಯಾರಿಗೋ ಹೋಯಿತು, ಗುಂಡಿಗಳ ತಗಡಿನ ಡಬ್ಬ ಮಾತ್ರ ಉಳಿಯಿತು, ಕೋಣೆಗೆ ಬೀಗ ಬಿತ್ತು. ಆ ಬೀಗವನ್ನು ತೆಗೆಸಲು ಹೊರಟವಳು ನಾನು.

ನಾನು ನಜರ್‌ಬಾದಿನ ಒಂದು ಬ್ಯೂಟಿ ಪಾರ್ಲರಿನಲ್ಲಿ ಎಂಟು ವರ್ಷ ನಿಂತುಕೊಂಡು ಇದ್ದೆ. ಕೆಲಸ ಮಾಡುತ್ತಿದ್ದೆ ಎನ್ನುವುದಕ್ಕಿಂತ ನಿಂತಿದ್ದೆ ಎನ್ನುವುದೇ ಸರಿ. ಹುಬ್ಬು ತಿದ್ದುವುದು ನಿಂತು, ಕೂದಲು ಕತ್ತರಿಸುವುದು ನಿಂತು, ಮದುವೆ ಹೆಣ್ಣಿನ ಅಲಂಕಾರ ನಿಂತು. ಸಂಜೆ ಮನೆಗೆ ಬಂದರೆ ಸೊಂಟ ನನ್ನ ಜೊತೆ ಮಾತು ಬಿಟ್ಟಿರುತ್ತಿತ್ತು. ಇಡೀ ಪಾರ್ಲರಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವಳು ಒಬ್ಬಳೇ, ಉಗುರಿನ ಹುಡುಗಿ. ನಾನು ಉಗುರಿನ ಕಲೆಗೆ ಮನಸೋತದ್ದು ಹೀಗೆ, ಆ ಕುರ್ಚಿಯನ್ನು ನೋಡಿ. ಮೂರು ತಿಂಗಳು ಕಲಿತೆ, ಕೆಲಸ ಬಿಟ್ಟೆ, ಅತ್ತೆಯ ಮುಂದೆ ಬಂದು ಕೋಣೆ ಕೇಳಿದೆ.

“ಉಗ್ರಿಗೆ ಅಂಗ್ಡೀನಾ?” ಎಂದರು ಅತ್ತೆ. “ಉಗ್ರು ಬೆಳೀತದೆ, ಕತ್ತರ್ಸ್ತಾರೆ, ಆಚೆಗೆ ಎಸೀತಾರೆ. ಇದ್ರಲ್ಲಿ ಯಾಪಾರ ಎಲ್ಲದೆ?”

ನನ್ನ ಗಂಡನ ಕಡೆ ನೋಡಿದೆ. ಇಬ್ಬರ ಮಾತಿಗೂ ಒಟ್ಟೊಟ್ಟಿಗೆ ತಲೆಯಾಡಿಸುವ ವಿದ್ಯೆಯಲ್ಲಿ ಅವರು ಪಳಗಿದವರು. ಆ ದಿನವೂ ಹಾಗೇ ಮಾಡಿ, ಸ್ಕೂಟರ್ ಹತ್ತಿ ಕೆಲಸಕ್ಕೆ ಹೋದರು.

ಕೊನೆಗೆ ಅತ್ತೆ ಒಪ್ಪಿದರು, ಷರತ್ತಿನ ಮೇಲೆ. ಮಂಗಳವಾರ, ಶುಕ್ರವಾರ ಈ ಮನೆಯಲ್ಲಿ ಉಗುರು ಕತ್ತರಿಸಕೂಡದು. ಬೇರೆ ದಿನಗಳಲ್ಲೂ ದೀಪ ಹಚ್ಚಿದ ಮೇಲೆ ಕತ್ತರಿಸಕೂಡದು. ಒಂದು ಚೂರು ಉಗುರೂ ಹೊಸಿಲು ದಾಟಿ ನಡುಮನೆಗೆ ಬರಕೂಡದು, ಬಂದರೆ ಮನೆಯಲ್ಲಿ ಜಗಳ. ಕೊನೆಯದು ದೊಡ್ಡ ಷರತ್ತು: ಅಂದು ಗೌರಿ ಹಬ್ಬ ಕಳೆದು ನಾಲ್ಕು ದಿನವಾಗಿತ್ತು, ಮುಂದಿನ ಗೌರಿ ಹಬ್ಬದೊಳಗೆ ಕರೆಯದೆ ಬರುವವರು ಹತ್ತು ಜನ ಆಗಬೇಕು. ಆಗದಿದ್ದರೆ ಕೋಣೆ ಜೆರಾಕ್ಸ್ ಅಂಗಡಿಯವನಿಗೆ. ಆತ ಎರಡು ವರ್ಷದಿಂದ ಆ ಕೋಣೆಗೆ ಕಣ್ಣು ಹಾಕಿದ್ದ ಮನುಷ್ಯ, ಬೀದಿಯಲ್ಲಿ ಹೋಗುವಾಗಲೆಲ್ಲ ಮಿಷನ್ನು ಎಲ್ಲಿಡಬಹುದೆಂದು ಕಣ್ಣಲ್ಲೇ ಅಳತೆ ಮಾಡಿಕೊಂಡು ಹೋಗುತ್ತಿದ್ದ. ಅವನಿಗೆ ಕೋಣೆ ಹೋದರೆ ನಾನು ಮತ್ತೆ ಯಾರದೋ ಪಾರ್ಲರಿನಲ್ಲಿ ನಿಂತುಕೊಳ್ಳಬೇಕು.

“ಕರೀದೆ ಬರೋದು ಅಂತ ಎಂಗೆ ಗೊತ್ತಾಗ್ತದೆ ಅತ್ತೆ?” ಎಂದು ಕೇಳಿದೆ.

“ಮೂರು ಸಲ ಕರೀದೆ ಬಂದ್ರೆ ಒಂದು ಗುಂಡಿ” ಎಂದು ಅವರು ಮಾವನವರ ತಗಡಿನ ಡಬ್ಬ ತಂದು ಕಿಟಕಿಯ ಮೇಲಿಟ್ಟರು. ಪಕ್ಕದಲ್ಲಿ ಒಂದು ಖಾಲಿ ಹಿತ್ತಾಳೆ ಬಟ್ಟಲು ಇಟ್ಟರು. ಡಬ್ಬದಿಂದ ಬಟ್ಟಲಿಗೆ ಹತ್ತು ಗುಂಡಿ ಬಂದರೆ ನಾನು ಪಾಸು.

ಮೊದಲ ಎರಡು ತಿಂಗಳು ನಾನು ಮಾಡದ ಕಸರತ್ತಿಲ್ಲ. ಗುಲಾಬಿ ಬಣ್ಣದ ಬೋರ್ಡು ಬರೆಸಿದೆ. ಕರಪತ್ರ ಹಂಚಿದೆ. ಹತ್ತು ಹೂವಿನ ಚಿತ್ರವಿರುವ ಕಾರ್ಡು ಮಾಡಿಸಿದೆ, ಬಂದಾಗಲೊಂದು ಹೂವಿಗೆ ಬಣ್ಣ, ಹತ್ತು ಹೂವಾದರೆ ಒಂದು ಸಲ ಪುಕ್ಕಟೆ. ನನಗೆ ಗೊತ್ತಿದ್ದವರಿಗೆಲ್ಲ, ಗೊತ್ತಿಲ್ಲದವರಿಗೂ ವಾಟ್ಸಾಪಿನಲ್ಲಿ ಪ್ರತಿದಿನ ಶುಭೋದಯದ ಜೊತೆ ಒಂದು ಉಗುರಿನ ಫೋಟೋ ಕಳಿಸಿದೆ. ಕೆಲವರು ಬಂದರು. ಪಾರ್ಲರಿನ ಹಳೆಯ ಗೆಳತಿಯರು ಬಂದರು, ಗಂಡನ ಆಫೀಸಿನವರ ಹೆಂಡತಿಯರು ಬಂದರು, ನನ್ನ ಚಿಕ್ಕಮ್ಮನ ಮಗಳು ಪುಕ್ಕಟೆಯ ಹೂವು ಮೊದಲೇ ಸಿಗುತ್ತದೆಯೇ ಎಂದು ಕೇಳಿಕೊಂಡು ಬಂದಳು. ಅತ್ತೆ ಎಲ್ಲರಿಗೂ ಕಾಫಿ ಕೊಟ್ಟರು. ಒಬ್ಬರಿಗೂ ಗುಂಡಿ ಕೊಡಲಿಲ್ಲ.

“ಇವ್ರೆಲ್ಲ ನೆಂಟ್ರು ಕಣಮ್ಮ” ಎಂದರು. “ನೀನು ಕರೆದೆ, ಬಂದ್ರು. ನಾಳೆ ಕರೀದಿದ್ರೆ ಬರಾಕಿಲ್ಲ.”

ನನಗೆ ಸಿಟ್ಟು ಬಂತು, ಯಾಕೆಂದರೆ ಆ ಮಾತು ನಿಜವಾಯಿತು. ಮೂರನೇ ತಿಂಗಳು ಜ್ವರ ಬಂದು ಒಂದು ವಾರ ಫೋಟೋ ಕಳಿಸದಿದ್ದಾಗ ಅಂಗಡಿಗೆ ಬಂದದ್ದು ಒಂದು ಬೆಕ್ಕು ಮಾತ್ರ.

ಇದರ ಜೊತೆಗೆ ಅತ್ತೆಯ ಕುರ್ಚಿ. ಬೀದಿ ಬಾಗಿಲ ಪಕ್ಕದಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಮೊರ ಇಟ್ಟುಕೊಂಡು, ಕಾಲಕ್ಕೆ ತಕ್ಕಂತೆ ಸೊಪ್ಪು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಅವರು ಕೂರುತ್ತಿದ್ದರು. ಹೊರಗಿನವರಿಗೆ ಅದು ಮುದುಕಿಯ ಕಾಲಹರಣ. ನನಗೆ ಮಾತ್ರ ಗೊತ್ತು, ಅದು ಚೆಕ್‌ಪೋಸ್ಟು. ಮಂಗಳವಾರ ನಾನು ಬರೀ ಬಣ್ಣ ಹಚ್ಚುತ್ತಿದ್ದೇನೆಯೇ, ಕಣ್ಣು ತಪ್ಪಿಸಿ ಕತ್ತರಿ ಹಿಡಿದಿದ್ದೇನೆಯೇ ಎಂದು ಅವರ ಒಂದು ಕಿವಿ ಸದಾ ಒಳಗೇ ಇರುತ್ತಿತ್ತು. ನೇಲ್ ಕಟರಿನ ಸದ್ದು ಅವರಿಗೆ ಹಾಲು ಉಕ್ಕುವ ಸದ್ದಿಗಿಂತ ಬೇಗ ಕೇಳುತ್ತಿತ್ತು.

ಕತ್ತರಿಸುವುದಿಲ್ಲ, ಬರೀ ಅರದಿಂದ ಉಜ್ಜುತ್ತೇನೆ, ಅದಕ್ಕೆ ದೋಷವಿಲ್ಲವಲ್ಲ ಎಂದು ಒಂದು ಸಲ ವಾದ ಹೂಡಿದೆ. ಅತ್ತೆ ಎರಡು ದಿನ ಯೋಚಿಸಿದರು. ಮೂರನೇ ದಿನ ಮುದ್ದೆ ಬಡಿಸುವಾಗ ತೀರ್ಪು ಬಂತು: “ಪುಡಿ ಬಿದ್ರೆ ಕತ್ತರ್ಸಿದಂಗೇಯ.” ಅದರ ಮೇಲೆ ಅಪೀಲಿಗೆ ಅವಕಾಶವಿರಲಿಲ್ಲ.

ಚಾಮರಾಜಪುರಂನಿಂದ ಆ ಲೆಕ್ಚರರ್ ಮೊದಲ ಸಲ ಬಂದದ್ದು ಇಂಥದ್ದೇ ಒಂದು ಮಂಗಳವಾರ, ಸಂಜೆ ಕಾಲೇಜು ಮುಗಿಸಿಕೊಂಡು. ಕೆಮಿಸ್ಟ್ರಿ ಪಾಠ ಮಾಡುವವರು, ಕಾಟನ್ ಸೀರೆ, ಹೆಗಲಿಗೆ ಬ್ಯಾಗು. ಯಾರೂ ಕಳಿಸಿರಲಿಲ್ಲ, ಬೋರ್ಡು ನೋಡಿ ತಾವೇ ಸ್ಕೂಟಿ ನಿಲ್ಲಿಸಿದ್ದರು. ನಾನು ಒಳಗೆ ಬಿಸಿನೀರು ಇಡುತ್ತಿದ್ದೆ. ಹೊರಗೆ ಬರುವುದರೊಳಗೆ ಅತ್ತೆ ಮಾತು ಮುಗಿಸಿಬಿಟ್ಟಿದ್ದರು.

“ಇವತ್ತು ಮಂಗಳವಾರ ಕಣಮ್ಮ. ಉಗ್ರು ಮುಟ್ಟಾಕಿಲ್ಲ. ನಾಳೆ ಬಾ.”

ಸ್ಕೂಟಿ ತಿರುವಿನಲ್ಲಿ ಮರೆಯಾಗುತ್ತಿತ್ತು. ನಾನು ಅತ್ತೆಯ ಮುಂದೆ ನಿಂತು ಅಳುವಷ್ಟು ರೇಗಿದೆ. ಮೂರು ತಿಂಗಳಲ್ಲಿ ಕರೆಯದೆ ಬಂದ ಮೊದಲ ಹೆಂಗಸು. ಬಣ್ಣವನ್ನಾದರೂ ಹಚ್ಚುತ್ತಿದ್ದೆನಲ್ಲ, ಕೂರಿಸಿ ಕಾಫಿಯನ್ನಾದರೂ ಕೊಡಬಹುದಿತ್ತಲ್ಲ. ಅತ್ತೆ ಮೆಂತ್ಯದ ಸೊಪ್ಪಿನಿಂದ ತಲೆ ಎತ್ತದೆ, “ಬೇಕು ಅಂದ್ರೆ ಬತ್ತಾಳೆ ಬುಡು” ಎಂದರು.

ಮರುದಿನ ಅವರು ಬಂದರು. ಕೈ ಮೇಜಿನ ಮೇಲಿಡಲು ಬಹಳ ಹೊತ್ತು ಹಿಂದುಮುಂದು ನೋಡಿದರು. ಇಟ್ಟಾಗ ನನಗೆ ಗೊತ್ತಾಯಿತು, ಅವರಿಗೆ ಉಗುರು ಕಚ್ಚುವ ಅಭ್ಯಾಸ. ಹತ್ತು ಬೆರಳಲ್ಲಿ ಎಂಟಕ್ಕೆ ಉಗುರು ಎನ್ನುವುದು ಹೆಸರಿಗಷ್ಟೇ ಇತ್ತು, ಸುತ್ತಲಿನ ಚರ್ಮವೂ ಕೆಂಪಾಗಿತ್ತು. ಕತ್ತರಿಸಲು ಉಗುರೇ ಇಲ್ಲದವರನ್ನು ಅತ್ತೆ ಉಗುರು ಕತ್ತರಿಸಬಾರದ ದಿನವೆಂದು ವಾಪಸ್ ಕಳಿಸಿದ್ದರು. ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು. ಹೊರಗಿನಿಂದ ಅತ್ತೆ ಬಗ್ಗಿ ನೋಡಿದರು. ನೋಡಿ, ಒಳಗೆ ಹೋಗಿ ಬೇವಿನೆಣ್ಣೆಯ ಸೀಸೆ ತಂದರು.

“ಬೆಟ್ಟಿನ ತುದೀಗೆ ಹಚ್ಕೋ. ಬಾಯಿಗೋದ್ರೆ ಕಹಿ ಆಗ್ತದೆ. ಮುಂದಿನ ವಾರ ಬಂದು ತೋರ್ಸು.”

ನಾನು ಕಲಿತ ಕೋರ್ಸಿನಲ್ಲಿ ಇದಕ್ಕೆ ಎರಡು ಬಗೆಯ ಕ್ರೀಮು, ಒಂದು ಬಗೆಯ ಸೀರಮ್ಮು ಇತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದವಳ ಹಾಗೆ ಅವುಗಳ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ್ದೆ. ಲೆಕ್ಚರರ್ ಅವುಗಳ ಕಡೆ ನೋಡಲೂ ಇಲ್ಲ, ಸೀಸೆಯನ್ನು ಬ್ಯಾಗಿಗೆ ಹಾಕಿಕೊಂಡರು.

ಮುಂದಿನ ವಾರ ಬಂದರು, ಅದರ ಮುಂದಿನ ವಾರವೂ ಬಂದರು. ಬಂದೊಡನೆ ಬಾಗಿಲಲ್ಲೇ ಅತ್ತೆ “ಎಲ್ಲಿ ತೋರ್ಸು” ಎನ್ನುವುದು, ಕ್ಲಾಸಿನ ಹುಡುಗರನ್ನೆಲ್ಲ ಒಂದೇ ನೋಟಕ್ಕೆ ಸುಮ್ಮನಾಗಿಸುವ ಹೆಂಗಸು ಕೈಗಳನ್ನು ಬೆನ್ನ ಹಿಂದೆ ಬಚ್ಚಿಡುವುದು. ಒಂದು ವಾರ ಪರೀಕ್ಷೆಯ ಪೇಪರು ತಿದ್ದುವಾಗ ಹೆಬ್ಬೆರಳು ಕಚ್ಚಿಬಿಟ್ಟೆ ಎಂದು ತಾವೇ ಒಪ್ಪಿಕೊಂಡರು. ಮೂರನೇ ಸಲಕ್ಕೆ ಅತ್ತೆ ಡಬ್ಬ ಅಲ್ಲಾಡಿಸಿ, ಹುಡುಕಿ, ಒಂದು ಬಿಳಿಯ ಶರ್ಟಿನ ಗುಂಡಿ ತೆಗೆದು ಹಿತ್ತಾಳೆ ಬಟ್ಟಲಿಗೆ ಹಾಕಿದರು. ಅದು ಟಣ್ ಎಂದ ಸದ್ದು ನನಗೆ ಇನ್ನೂ ನೆನಪಿದೆ.

ಆಮೇಲೆ ನಿಧಾನವಾಗಿ ಬಂದವು ಗುಂಡಿಗಳು. ಹಿಂದಿನ ಬೀದಿಯಿಂದ ಇಬ್ಬರು ವಾರಗಿತ್ತಿಯರು ಬರತೊಡಗಿದರು. ಒಬ್ಬರು ಕೆಂಪು ಹಚ್ಚಿಸಿಕೊಂಡರೆ ಇನ್ನೊಬ್ಬರಿಗೆ ಅದಕ್ಕಿಂತ ಕೆಂಪು ಬೇಕು. ಬೇರೆ ಬೇರೆ ಬರಲು ಇಬ್ಬರಿಗೂ ಧೈರ್ಯವಿಲ್ಲ, ತಾನಿಲ್ಲದಾಗ ಇನ್ನೊಬ್ಬಳು ಅತ್ತೆಯ ಹತ್ತಿರ ಏನು ಹೇಳುತ್ತಾಳೋ ಎಂಬ ಭಯ. ಅವರಿಗೆ ಅತ್ತೆ ಒಬ್ಬರಿಗೆ ರವಿಕೆಯ ಹುಕ್ಕನ್ನೂ ಇನ್ನೊಬ್ಬರಿಗೆ ಅದು ಸಿಕ್ಕಿಕೊಳ್ಳುವ ಕಣ್ಣನ್ನೂ ಹಾಕಿದರು. ನಜರ್‌ಬಾದಿನಿಂದ ಒಬ್ಬ ನರ್ಸು ಬಂದಳು. ಡ್ಯೂಟಿಯಲ್ಲಿ ಕೈಗೆ ಬಣ್ಣ ಹಚ್ಚುವಂತಿಲ್ಲ, ಅದಕ್ಕೆ ತನ್ನ ಆಸೆಯನ್ನೆಲ್ಲ ಕಾಲಿನ ಉಗುರಿಗೆ ತೀರಿಸಿಕೊಂಡು ಶೂ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಒಂದು ನೀಲಿ ಗುಂಡಿ. ಯುಗಾದಿಯ ಹೊತ್ತಿಗೆ ಐದಾಯಿತು. ಆಷಾಢ ಬರುವುದರೊಳಗೆ ಎಂಟು.

ಎಂಟು ಗುಂಡಿಯಾದಾಗ ನನಗೆ ಸ್ವಲ್ಪ ಜಂಬ ಬಂತು ಎಂದು ಹೇಳಿದರೆ ಅದು ಕಡಿಮೆ. ನನ್ನ ಕೈಗುಣವೇ ಗುಣ ಎಂದುಕೊಂಡೆ. ಅಂಚು ಹೇಗೆ ತಿದ್ದುತ್ತೇನೆ, ಬಣ್ಣ ಹೇಗೆ ಒಂದಿಷ್ಟೂ ಚರ್ಮಕ್ಕೆ ತಾಗದಂತೆ ಎಳೆಯುತ್ತೇನೆ, ಊರಿಗೆ ಗೊತ್ತಾಗುತ್ತಿದೆ ಎಂದುಕೊಂಡೆ. ಬಾಗಿಲಲ್ಲಿ ಈ ಚೆಕ್‌ಪೋಸ್ಟ್ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಇಪ್ಪತ್ತಾಗುತ್ತಿತ್ತು ಎಂದೂ ಗಂಡನ ಹತ್ತಿರ ಹೇಳಿದೆ. ಅವರು ಎಂದಿನಂತೆ ತಲೆಯಾಡಿಸಿದರು.

ಅಷ್ಟರಲ್ಲಿ ಮಂಡ್ಯದಲ್ಲಿರುವ ನನ್ನ ನಾದಿನಿ ಬಚ್ಚಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಮಗಳ ಮನೆಗೆ ಒಂದು ತಿಂಗಳು ಹೋಗಿ ಬರುತ್ತೇನೆಂದು ಅತ್ತೆ ಹೊರಟರು. ಬಸ್ಸು ಹತ್ತಿಸಿ ಬಂದವಳು, ನಾದಿನಿಯ ಕಾಲಿಗೆ ಎಷ್ಟು ಮರುಗಬೇಕೋ ಅಷ್ಟು ಮರುಗಿ, ಉಳಿದ ಹೊತ್ತೆಲ್ಲ ಸಂತೋಷವಾಗಿದ್ದೆ. ಆ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ಹಿತ್ತಲಿಗೆ ಇಟ್ಟೆ. ವಾಟ್ಸಾಪಿನಲ್ಲಿ ದೊಡ್ಡಕ್ಷರದಲ್ಲಿ ಸಾರಿದೆ: ಈ ಶುಕ್ರವಾರ ಬೆಳಿಗ್ಗೆಯಿಂದ ರಾತ್ರಿ ಎಂಟರವರೆಗೆ ಎಲ್ಲ ಸೇವೆಗಳೂ ಲಭ್ಯ.

ಅದು ಆಷಾಢದ ಶುಕ್ರವಾರ. ನನಗೆ ಮರೆತಿರಲಿಲ್ಲ, ಲೆಕ್ಕ ಹಾಕಿಯೇ ಮಾಡಿದ್ದೆ. ಊರಿಗೆ ಊರೇ ನಸುಕಿನಲ್ಲಿ ಬೆಟ್ಟ ಹತ್ತಿ ಚಾಮುಂಡಿಯ ದರ್ಶನ ಮಾಡಿ ಇಳಿದುಬಿಟ್ಟಿರುತ್ತದೆ, ಸಂಜೆ ಹೆಂಗಸರಿಗೆ ಬಿಡುವು, ಕೆಲಸಕ್ಕೆ ಹೋಗುವವರಿಗೂ ಅದೇ ಹೊತ್ತು ಅನುಕೂಲ. ಎರಡು ಬಟ್ಟಲು ಹೆಚ್ಚು ಬಿಸಿನೀರು ಇಟ್ಟೆ. ಹೊಸ ಟವೆಲು ಮಡಿಸಿಟ್ಟೆ. ಒಬ್ಬಳಿಂದ ಆಗುತ್ತದೆಯೋ ಇಲ್ಲವೋ ಎಂದು ಪಾರ್ಲರಿನ ಹಳೆಯ ಗೆಳತಿಗೆ ಫೋನು ಮಾಡಿ, ಬೇಕಾದರೆ ಬರಲು ತಯಾರಾಗಿರು ಎಂದೂ ಹೇಳಿದೆ.

ಬೆಳಿಗ್ಗೆ ಯಾರೂ ಬರಲಿಲ್ಲ, ಬೆಟ್ಟದಲ್ಲಿ ಕ್ಯೂ ಇರಬೇಕು ಎಂದುಕೊಂಡೆ. ಮಧ್ಯಾಹ್ನ ಬರಲಿಲ್ಲ, ಮಲಗಿರಬೇಕು. ಸಂಜೆ ದೀಪ ಹಚ್ಚುವ ಹೊತ್ತಾಯಿತು. ಜೆರಾಕ್ಸಿನವನು ಎರಡು ಸಲ ಆ ಕಡೆಯಿಂದ ಈ ಕಡೆ ನಡೆದು, ಖಾಲಿ ಅಂಗಡಿಯನ್ನು ಪ್ರೀತಿಯಿಂದ ನೋಡಿಕೊಂಡು ಹೋದ. ಬಿಸಿನೀರು ಮೂರು ಸಲ ಆರಿತು.

ಏಳು ಗಂಟೆಗೆ ಲೆಕ್ಚರರ್ ಸ್ಕೂಟಿ ನಿಂತಿತು. ನನಗೆ ಹೋದ ಜೀವ ಬಂದಂತಾಯಿತು. ಅವರು ಹೊಸಿಲ ಹೊರಗೇ ನಿಂತು, ಕುರ್ಚಿ ಇರುತ್ತಿದ್ದ ಜಾಗ ನೋಡಿದರು.

“ಅಮ್ಮ ಎಲ್ರೀ? ಶುಕ್ರವಾರ ಎಲ್ಲ ಸೇವೆ ಅಂತ ಮೆಸೇಜು ನೋಡಿ ಗಾಬರಿ ಆಯ್ತು.”

ಮಂಡ್ಯಕ್ಕೆ ಹೋಗಿದ್ದಾರೆ, ನೀವು ಬನ್ನಿ ಎಂದೆ. ಬಂದು ಕೂತರು, ಕೈ ಕೊಡಲಿಲ್ಲ. ಆ ಹೊತ್ತಿಗೆ ಅವರ ಹತ್ತು ಬೆರಳಲ್ಲೂ ನಿಜವಾದ ಉಗುರು ಬಂದಿತ್ತು. ಬಲಗೈಯ ಒಂದು ಉಗುರು ತುದಿಯಲ್ಲಿ ಸೀಳಿತ್ತು. ನಾನು ಕಟರ್ ತೆಗೆದುಕೊಂಡೆ.

“ಬೇಡ ಕಣ್ರೀ” ಎಂದರು. “ಶುಕ್ರವಾರ ಅಲ್ವಾ. ನಾಳೆ ಬರ್ತೀನಿ.”

“ನೀವು ಕೆಮಿಸ್ಟ್ರಿ ಲೆಕ್ಚರರ್ ಅಲ್ವಾ ಮೇಡಂ?” ಎಂದೆ. ನನ್ನ ದನಿಯಲ್ಲಿ ಅಳು ಇತ್ತು, ಅವರಿಗೂ ಕೇಳಿಸಿರಬೇಕು.

“ನಂಗೇನೂ ನಂಬಿಕೆ ಇಲ್ಲ. ಆದ್ರೆ ಅಮ್ಮ ಊರಲ್ಲಿಲ್ಲ ಅಂತ ಇವತ್ತು ಕತ್ತರಿಸ್ಕೊಂಡು, ಆಮೇಲೆ ಅವ್ರ ಮುಖ ಹೇಗೆ ನೋಡೋದು?” ಎಂದು ನಕ್ಕರು. ಸೀಳಿದ ಉಗುರನ್ನು ಸವರಿಕೊಳ್ಳುತ್ತಾ ಮತ್ತೆ ಹೇಳಿದರು. “ಒಂದು ವಿಷಯ ಹೇಳ್ಲಾ? ನಾನು ಇಲ್ಲಿಗೆ ಬರೋಕೆ ಮುಂಚೆ ಮೂರು ಪಾರ್ಲರಿಗೆ ಹೋಗಿದ್ದೆ. ಎಲ್ರೂ ಬನ್ನಿ ಬನ್ನಿ ಅಂದು ಕೂರಿಸಿ, ಕಚ್ಚಿದ ಉಗುರಿನ ಮೇಲೆ ಪ್ಲಾಸ್ಟಿಕ್ ಉಗುರು ಅಂಟಿಸಿ ಕಳಿಸಿದ್ರು. ನಿಮ್ಮತ್ತೆ ಒಬ್ರೇ ನನ್ನನ್ನ ವಾಪಸ್ ಕಳಿಸಿದ್ದು. ಗಿರಾಕಿ ಬಂದ್ರೂ ಇವತ್ತಾಗಲ್ಲ ಅನ್ನೋರು ಸುಳ್ಳು ಕೆಲಸ ಮಾಡಲ್ಲ ಅನ್ನಿಸ್ತು. ಅದಕ್ಕೇ ಮಾರನೇ ದಿನ ಬಂದೆ.”

ಅವರು ಹೋದ ಮೇಲೆ ನಾನು ದೀಪ ಹಚ್ಚಿ, ಅದರ ಮುಂದೆ ಕೂತೆ. ಮೈಸೂರಿನವಳಾಗಿ ನನಗೆ ಇದು ಗೊತ್ತಿರಬೇಕಿತ್ತು. ಹತ್ತೂವರೆಗೆ ದೋಸೆ ಮುಗೀತು ಎಂದು ಮುಖ ತಿರುಗಿಸುವ ಹೋಟೆಲಿಗೆ ನಾವು ಮರುದಿನ ಎಂಟಕ್ಕೇ ಹೋಗಿ ನಿಲ್ಲುವ ಜನ. ಮಧ್ಯಾಹ್ನ ಬಾಗಿಲೆಳೆದು ನಿದ್ದೆ ಹೊಡೆಯುವ ಅಂಗಡಿಯವನನ್ನು ಬಯ್ಯುತ್ತಾ ನಾಲ್ಕು ಗಂಟೆಯವರೆಗೆ ಕಾದು ಅವನ ಹತ್ತಿರವೇ ಕೊಳ್ಳುವವರು. ದಿನವಿಡೀ ತೆರೆದು, ಬಂದವರಿಗೆಲ್ಲ ಆಗಲಿ ಎನ್ನುವವನ ಸಾಮಾನಿನಲ್ಲಿ ಏನೋ ಐಬಿದೆ ಎಂದು ನಮಗೆ ಅನುಮಾನ. ಇಷ್ಟೆಲ್ಲ ಗೊತ್ತಿದ್ದೂ ನಾನು ಎಂಟು ಗಂಟೆಯವರೆಗೆ ಎಲ್ಲ ಸೇವೆ ಎಂದು ಸಾರಿದ್ದೆ.

ಮರುದಿನ ಮಂಡ್ಯದಿಂದ ಫೋನು ಬಂತು. ನಾದಿನಿಯ ಕಾಲು, ಅಲ್ಲಿಯ ನೀರು, ಬಿಡದೆ ಹಿಡಿದ ಮಳೆ, ಎಲ್ಲ ಮಾತಾಡಿ ಮುಗಿಸಿ, ಇಡುವ ಮುಂಚೆ ಅತ್ತೆ ಕೇಳಿದರು.

“ನಿನ್ನೆ ಯಾರಾದ್ರೂ ಬಂದಿದ್ರಾ?”

ಅವರ ಹತ್ತಿರ ವಾಟ್ಸಾಪೇ ಇಲ್ಲ. ವಾರಗಿತ್ತಿಯರಲ್ಲಿ ಒಬ್ಬರು ಫೋನು ಮಾಡಿ ವರದಿ ಒಪ್ಪಿಸಿದ್ದರು, ಅವರು ಹೇಳಿಬಿಟ್ಟಾರೆಂದು ಇನ್ನೊಬ್ಬರೂ ಮಾಡಿದ್ದರು. ನಾನು ಇಲ್ಲ ಅತ್ತೆ ಎಂದೆ. ಅತ್ತೆ ಬಯ್ಯಲಿಲ್ಲ. “ಕುರ್ಚಿ ಮಳೇಲಿ ನೆನೀತಾ ಇರ್ತದೆ, ಒಳಗೆ ಇಡು” ಎಂದರು. ಹಿತ್ತಲಿಗೆ ಹೋಗಿ ನೋಡಿದರೆ ನೆನೆಯುತ್ತಲೇ ಇತ್ತು. ಒರೆಸಿ ತಂದು ಅದರ ಜಾಗದಲ್ಲಿಟ್ಟೆ.

ಆ ತಿಂಗಳು ಬಂದವರೆಲ್ಲ ಮೊದಲು ಖಾಲಿ ಕುರ್ಚಿಯನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು. ನರ್ಸು ಅಲ್ಲಿ ನಿಂತು, “ನೈಟ್ ಡ್ಯೂಟಿ ತಪ್ಪಿಸಿದ್ರು ಅಂತ ಅಜ್ಜಿಗೆ ಹೇಳಿ ಅಕ್ಕ” ಎಂದಳು. ಅವಳಿಗೆ ನೈಟ್ ಡ್ಯೂಟಿಯಿಂದ ಕಷ್ಟವಾಗುತ್ತಿತ್ತೆಂದು ನನಗೆ ಆ ಹೊತ್ತಿನವರೆಗೆ ಗೊತ್ತೇ ಇರಲಿಲ್ಲ. ಆರು ತಿಂಗಳಿಂದ ಅವಳ ಪಾದ ನನ್ನ ಮಡಿಲಲ್ಲಿತ್ತು, ನಾನು ಬೆರಳು ಮಾತ್ರ ನೋಡಿದ್ದೆ. ನನಗೆ ನಾಚಿಕೆಯಾಯಿತು. ವಾಟ್ಸಾಪಿನ ಶುಭೋದಯ ಅಂದಿಗೆ ನಿಲ್ಲಿಸಿದೆ.

ಅತ್ತೆ ಶ್ರಾವಣದಲ್ಲಿ ವಾಪಸ್ಸಾದರು. ಬಂದ ವಾರವೇ ಒಂಬತ್ತನೇ ಗುಂಡಿ ಬಿತ್ತು, ಪಕ್ಕದ ಬೀದಿಯ ಹೊಸ ಮದುಮಗಳಿಗೆ. ಆಮೇಲೆ ನಿಂತುಹೋಯಿತು. ಒಬ್ಬರು ಎರಡು ಸಲ ಬಂದು ಮೂರನೇ ಸಲಕ್ಕೆ ಊರು ಬಿಟ್ಟರು. ಇನ್ನೊಬ್ಬರು ಬಂದು ಬೋರ್ಡು ಓದಿ, ಹಲ್ಲಿನ ಡಾಕ್ಟರು ಎಲ್ಲಿ ಎಂದು ಕೇಳಿ ಹೋದರು. ಗೌರಿ ಹಬ್ಬ ಗುರುವಾರ ಬಿದ್ದಿತ್ತು. ಸೋಮವಾರ ಜೆರಾಕ್ಸಿನವನು ಬಂದು, ಬಟ್ಟಲಿನಲ್ಲಿದ್ದ ಗುಂಡಿಗಳನ್ನು ಎಣಿಸಿ, “ಬುಧವಾರ ಸಂಜೆ ಬಂದು ಕೇಳ್ಕೊಂಡು ಹೋಗ್ತೀನಿ ಅಮ್ಮ” ಎಂದ. ಆಯ್ತಪ್ಪ ಎಂದರು ಅತ್ತೆ. ಒಂಬತ್ತು ಮಾಡಿದವಳಿಗೆ ಒಂದು ಬಿಟ್ಟುಕೊಡಬಹುದೆಂಬ ಆಸೆ ನನಗಿತ್ತು. ಅವರ ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ. ರಾತ್ರಿ ನಾನು ಪಾರ್ಲರಿನ ಗೆಳತಿಗೆ ಫೋನು ಮಾಡಿ, ಅಲ್ಲಿ ಕೆಲಸ ಖಾಲಿಯಿದೆಯೇ ಎಂದು ಕೇಳಿದೆ.

ಮಂಗಳವಾರ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅತ್ತೆ ಹಬ್ಬಕ್ಕೆ ಗೆಜ್ಜೆವಸ್ತ್ರ ಮಾಡುತ್ತಿದ್ದವರು ಎದ್ದು ಒಳಗೆ ಬಂದು, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತರು. ಒಂದು ವರ್ಷದಲ್ಲಿ ಅವರು ಅದರ ಮೇಲೆ ಕೂತದ್ದು ಅದೇ ಮೊದಲು. ಬಲಗೈಯನ್ನು ಮೇಜಿನ ಮೇಲಿಟ್ಟರು.

“ಹೆಬ್ಬೆಟ್ಟಿನ ಉಗ್ರು ಹತ್ತೀಗೆ ಸಿಕ್ಕಾಕೊಳ್ತಾ ಅದೆ. ಒಸಿ ತೆಗೆದ್ಬುಡು.”

ನಾನು ಆ ಕೈಯನ್ನು ಹಿಡಿದುಕೊಂಡೆ. ಹೆಬ್ಬೆರಳ ಉಗುರಿನ ನಡುವೆ ಬುಡದಿಂದ ತುದಿಯವರೆಗೆ ಒಂದು ಗೀರು ಇಳಿದಿತ್ತು, ತುದಿಯಲ್ಲಿ ಅದು ಎರಡಾಗಿ ಸೀಳಿ ಒಂದು ಹೋಳು ಮೇಲೆದ್ದಿತ್ತು. ಮೂವತ್ತು ವರ್ಷ ರವಿಕೆಯ ಅಂಚುಗಳನ್ನು ಮಡಿಚಿ, ಇಸ್ತ್ರಿಯ ಬದಲು ಆ ಉಗುರಿನಿಂದಲೇ ಒತ್ತಿ ಗೆರೆ ಎಳೆದು ಆದದ್ದು. ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿತ್ತು. ಇಡೀ ಊರಿನವರ ಕೈ ಹಿಡಿದು ಕೂತವಳು ನಾನು, ದಿನಾ ಮೂರು ಹೊತ್ತು ನನಗೆ ಬಡಿಸುವ ಕೈಯನ್ನು ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ. ನನಗೆ ಅಳು ಬಂತು. ಏನೂ ಯೋಚಿಸದೆ ಕಟರ್ ಎತ್ತಿಕೊಂಡೆ.

ಆಗ ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು.

ಅತ್ತೆಗೆ ವಾರ ಮರೆಯುವುದೆಂದರೆ ನನಗೆ ನನ್ನ ಹೆಸರು ಮರೆತಂತೆ. ಬೇಕೆಂದೇ ಬಂದರೋ, ಹಬ್ಬದ ಗಡಿಬಿಡಿಯಲ್ಲಿ ನಿಜಕ್ಕೂ ಮರೆತಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಕಟರನ್ನು ಕೆಳಗಿಟ್ಟೆ. ಮೇಲೆದ್ದ ಹೋಳಿನ ಸುತ್ತ ಒಂದು ತುಂಡು ಬಟ್ಟೆ ಸುತ್ತಿ ಗಂಟು ಹಾಕಿದೆ.

“ಇವತ್ತು ಮಂಗಳವಾರ ಅತ್ತೆ. ಉಗುರು ಮುಟ್ಟೋ ಹಾಗಿಲ್ಲ. ನಾಳೆ ಬನ್ನಿ.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. “ಯಾಪಾರ ಕಲ್ತೆ ಬುಡು” ಎಂದು ಎದ್ದು, ಗೆಜ್ಜೆವಸ್ತ್ರಕ್ಕೆ ಹೋದರು.

ಬುಧವಾರ ಬೆಳಿಗ್ಗೆ ನಾನು ಇನ್ನೂ ಬಾಗಿಲಿಗೆ ನೀರು ಹಾಕಿ ರಂಗೋಲಿ ಮುಗಿಸುತ್ತಿದ್ದೆ. ಅತ್ತೆ ಸ್ನಾನ ಮಾಡಿ, ಬೀದಿಯ ಬಾಗಿಲಿಂದಲೇ, ಹೊರಗಿನವರ ಹಾಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಕುರ್ಚಿಯಲ್ಲಿ ಕೂತರು. ಬಣ್ಣ ಬೇಡ, ನಯ ಮಾಡು ಸಾಕು ಎಂದರು. ಆಮೇಲೆ ಎಡಗೈಯಿಂದ ತಗಡಿನ ಡಬ್ಬ ತೆರೆದು, ತಳದಲ್ಲಿ ಹುಡುಕಿ, ಒಂದು ಹಳೆಯ ಕಂದು ಗುಂಡಿ ತೆಗೆದರು. ಮಾವನವರ ಕೋಟಿನದು, ಫೋಟೋದಲ್ಲಿ ನೋಡಿದ್ದೆ. ಅದನ್ನು ಬಟ್ಟಲಿಗೆ ಹಾಕಿದರು.

“ಅತ್ತೆ, ಮೂರು ಸಲ ಕರೀದೆ ಬರಬೇಕು ಅಂದಿದ್ರಿ” ಎಂದೆ. ಗೆದ್ದದ್ದು ತಿಳಿದಿದ್ದರೂ, ಅವರದೇ ಷರತ್ತನ್ನು ಅವರಿಗೆ ಒಂದು ಸಲವಾದರೂ ಎತ್ತಿ ಆಡುವ ಆಸೆ ನನಗೆ.

“ಒಂದು ವರ್ಷದಿಂದ ದಿನಾ ಈ ಬಾಗ್ಲಿಗೆ ಬಂದು ಕೂರ್ತಾ ಇದೀನಿ” ಎಂದರು ಅತ್ತೆ. “ಒಂದಿನಾನಾದ್ರೂ ಬಾ ಅಂತ ನೀನು ಕರ್ದಿದ್ಯಾ?”

ನಾನು ಕರೆದಿರಲಿಲ್ಲ. ಅವರ ಕೈಯನ್ನು ಬಿಸಿನೀರಿನ ಬಟ್ಟಲಿಗೆ ಇಳಿಸಿ, ಉಗುರು ಮೆದುವಾಗುವವರೆಗೆ ಹಿಡಿದುಕೊಂಡು ಕೂತೆ.